ಸಾದಾ ಹಾಟ್ ಡಾಗ್ ಹದವಾಗಿ ಸಿಗುವ ಕ್ರೀಡಾಂಗಣ ಯಾವುದು?

ಬೇಸ್‌ಬಾಲ್ ಋತು ಆರಂಭವಾಗುತ್ತಿದ್ದಂತೆ ಇಲ್ಲಿ ಅಮೆರಿಕದ ಪತ್ರಿಕೆಗಳಲ್ಲಿಯೂ ಟಿವಿಯಲ್ಲಿಯೂ ಯಾವ ಕ್ರೀಡಾಂಗಣಕ್ಕೆ ಯಾವ ಹೊಸ ತಿನಿಸು ಬಂದಿದೆ ಎಂಬ ಪಟ್ಟಿಗಳು ಬರತೊಡಗುತ್ತವೆ. ಆ ಪಟ್ಟಿಗಳಲ್ಲಿ ಮೇಲಿನ ಸ್ಥಾನ ಸಾಮಾನ್ಯವಾಗಿ ಗಾತ್ರಕ್ಕೇ ಮೀಸಲು. ಟೆಕ್ಸಾಸ್ ರೇಂಜರ್ಸ್ ತಂಡದ ಅಂಗಣದಲ್ಲಿ 2012ರಲ್ಲಿ 24 ಇಂಚು ಉದ್ದದ, 26 ಡಾಲರ್ ಬೆಲೆಯ ‘ಬೂಮ್‌ಸ್ಟಿಕ್’ ಹಾಟ್ ಡಾಗ್ (ಉದ್ದನೆಯ ಬನ್ನಿನೊಳಗಿಟ್ಟ ಸಾಸೇಜು) ಬಂದಾಗ ದೇಶವೇ ಅದರ ಬಗ್ಗೆ ಮಾತನಾಡಿತು; ಎರಡು ವರ್ಷಗಳ ನಂತರ ಅರಿಝೋನಾ ಡೈಮಂಡ್‌ಬ್ಯಾಕ್ಸ್ 18 ಇಂಚಿನ ಕಾರ್ನ್ ಡಾಗ್ (ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜು) ಒಂದನ್ನು 25 ಡಾಲರ್‌ಗೆ ಮಾರಾಟಕ್ಕಿಟ್ಟಿತು. ನಾಲ್ಕು ಮಂದಿ ಹಂಚಿಕೊಂಡು ತಿನ್ನುವುದಾದರೆ ಅವುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಗುಣಮಟ್ಟವನ್ನು ಹೋಲಿಸುವುದಕ್ಕೆ ಅವು ಯಾವ ರೀತಿಯಲ್ಲಿಯೂ ನೆರವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಊರಿನ ಹೋಟೆಲು ಹೇಗಿದೆ ಎಂದು ತಿಳಿಯಲು ನಾವು ಮೊದಲು ಇಡ್ಲಿ ಹೇಳಿ ನೋಡುವಂತೆ, ಬೇಸ್‌ಬಾಲ್ ಕ್ರೀಡಾಂಗಣದ ಅಡುಗೆಮನೆಯನ್ನು ಅಳೆಯಬೇಕಾದರೆ ಅಲ್ಲಿನ ಅತ್ಯಂತ ಸಾದಾ, ಅತ್ಯಂತ ಅಗ್ಗದ ಹಾಟ್ ಡಾಗ್ ಅನ್ನೇ ಕೊಂಡು ನೋಡಬೇಕು.

ಹಾಟ್ ಡಾಗ್‌ನಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಭೇದವೇ ಇಲ್ಲ, ಎಲ್ಲವೂ ಒಂದೇ ಎಂದು ಅನೇಕರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಾಂಸವನ್ನು ಮಂಜುಗಡ್ಡೆ, ಉಪ್ಪು ಮತ್ತು ಮಸಾಲೆಗಳೊಡನೆ ನುಣ್ಣಗೆ ಅರೆದು, ಕವಚದಲ್ಲಿ ತುಂಬಿ, ಹೊಗೆಯಲ್ಲಿ ಬೇಯಿಸಿ ತಯಾರಿಸುವ ಈ ಸಾಸೇಜಿಗೆ ಅಮೆರಿಕದ ಕೃಷಿ ಇಲಾಖೆ ಮಿತಿಗಳನ್ನು ಹಾಕಿದೆ: ಕೊಬ್ಬು ಶೇ 30ನ್ನು ಮೀರುವಂತಿಲ್ಲ, ಕೊಬ್ಬು ಮತ್ತು ಸೇರಿಸಿದ ನೀರು ಎರಡೂ ಕೂಡಿ ಶೇ 40ನ್ನು ದಾಟುವಂತಿಲ್ಲ. ಈ ಮಿತಿಯೊಳಗೇ ತಯಾರಕರಿಗೆ ಸಾಕಷ್ಟು ಸ್ವಾತಂತ್ರ್ಯವಿದೆ. ಕುರಿಯ ಕರುಳಿನ ಕವಚವನ್ನು ಹಾಗೆಯೇ ಉಳಿಸಿಕೊಂಡ ಸಾಸೇಜನ್ನು ಕಚ್ಚಿದಾಗ ಚಟ್ಟೆಂದು ಮುರಿಯುವ ಅನುಭವವಾಗುತ್ತದೆ. ಇಲ್ಲಿನವರು ಅದಕ್ಕೆ ‘ಸ್ನ್ಯಾಪ್’ ಎನ್ನುತ್ತಾರೆ. ಶಿಕಾಗೋದ ವಿಸ್ಕಿಂಗ್ ಕಂಪನಿ 1920ರ ದಶಕದಲ್ಲಿ ಸೆಲ್ಯುಲೋಸ್ ಕವಚವನ್ನು ತಂದ ಮೇಲೆ, ಬೆಂದ ನಂತರ ಕವಚವನ್ನು ಸುಲಿದು ಮಾರುವ ಸಾಸೇಜೇ ಹೆಚ್ಚು ಬಳಕೆಗೆ ಬಂತು. ಅದು ಅಗ್ಗ, ಆಕಾರದಲ್ಲಿ ಒಂದೇ ಸಮ, ಅಗಿಯಲು ಮೃದು. ಕವಚವಿಲ್ಲದ ಸಾಸೇಜಿಗೆ ಕಾವಲಿಯ ಶಾಖ ತಗುಲದಿದ್ದರೆ ಅದರ ಹೊರಮೈಯಲ್ಲಿ ಹಲ್ಲಿಗೆ ಸಿಗುವಂಥದ್ದು ಏನೂ ಇರುವುದಿಲ್ಲ.

ಈ ಮಾತಿಗೆ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂಗಿಂತ ಒಳ್ಳೆಯ ನಿದರ್ಶನವಿಲ್ಲ. 1962ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ ಆರಂಭದಿಂದಲೂ ‘ಡಾಡ್ಜರ್ ಡಾಗ್’ ಹೆಸರಾಗಿದೆ. ಅದು ಹತ್ತು ಇಂಚು ಉದ್ದದ ಹಂದಿಮಾಂಸದ ಸಾಸೇಜು. ಬನ್ನಿನ ಎರಡೂ ತುದಿಗಳಿಂದ ಹೊರಚಾಚಿಕೊಂಡಿರುತ್ತದೆ. 1991ರಲ್ಲಿ ಅಲ್ಲಿನ ಅಡುಗೆಮನೆಗಳು ಗ್ರಿಲ್ ಮಾಡುವುದನ್ನು ಬಿಟ್ಟು ಹಬೆಯಲ್ಲಿ ಬೇಯಿಸತೊಡಗಿದಾಗ ಅಭಿಮಾನಿಗಳು ಎಷ್ಟು ಗಲಾಟೆ ಮಾಡಿದರೆಂದರೆ ಗ್ರಿಲ್ ಮತ್ತೆ ಹಿಂದಿರುಗಬೇಕಾಯಿತು. ದಶಕಗಳ ಕಾಲ ಅದನ್ನು ಒದಗಿಸುತ್ತಿದ್ದ ಫಾರ್ಮರ್ ಜಾನ್ ಸಂಸ್ಥೆಯ ಒಪ್ಪಂದ 2019ಕ್ಕೆ ಮುಗಿಯಿತು. 2021ರಿಂದ ಪಾಪಾ ಕಾಂಟೆಲ್ಲಾಸ್ ಎಂಬ ಸಂಸ್ಥೆ ಒದಗಿಸುತ್ತಿದೆ. ಸಾಸೇಜು ಬದಲಾಯಿತೆಂದು ಹಳಬರು ಇಂದಿಗೂ ಕೊರಗುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಂಪನಿ ಬದಲಾದುದಕ್ಕಿಂತ ಗ್ರಿಲ್ ಮತ್ತು ಹಬೆಯ ನಡುವಿನ ಅಂತರವೇ ದೊಡ್ಡದು. ಗ್ರಿಲ್ ಮೇಲೆ ಹೊರಳಿ, ಅಲ್ಲಲ್ಲಿ ಕಂದು ಗೆರೆ ಮೂಡಿದ ಡಾಡ್ಜರ್ ಡಾಗ್‌ನಲ್ಲಿ ಹೊಗೆಯ ಘಮವೂ ಹಂದಿಮಾಂಸದ ನಸುಸಿಹಿಯೂ ಚೆನ್ನಾಗಿ ತಿಳಿಯುತ್ತವೆ. ಅದೇ ಸಾಸೇಜು ಹಬೆಯಿಂದ ಬಂದರೆ ನಾಲಿಗೆಗೆ ಉಪ್ಪೊಂದೇ ಉಳಿಯುತ್ತದೆ. ಐವತ್ತಾರು ಸಾವಿರ ಮಂದಿ ಕೂರುವ ಜಾಗದಲ್ಲಿ ಪ್ರತಿಯೊಂದನ್ನೂ ಗ್ರಿಲ್ ಮಾಡುವುದು ಸುಲಭವಲ್ಲ, ನಿಜ. ಆದ್ದರಿಂದಲೇ ಗ್ರಿಲ್ ಕಣ್ಣಿಗೆ ಕಾಣುವ ಮಳಿಗೆಯ ಸಾಲಿನಲ್ಲಿಯೇ ನಿಲ್ಲಿ, ಸಾಲು ಎಷ್ಟೇ ಉದ್ದವಿರಲಿ ಎಂದು ಅಲ್ಲಿಗೆ ಹೋಗುವ ಗೆಳೆಯರಿಗೆ ನಾನು ಹೇಳುತ್ತೇನೆ.

ಬಾಸ್ಟನ್‌ನ ಫೆನ್‌ವೇ ಪಾರ್ಕ್ 1912ರಷ್ಟು ಹಳೆಯದು, ಇಕ್ಕಟ್ಟಾದದ್ದು, ಡಾಡ್ಜರ್ ಸ್ಟೇಡಿಯಂಗೆ ಹೋಲಿಸಿದರೆ ಚಿಕ್ಕದು. ಅಲ್ಲಿನ ‘ಫೆನ್‌ವೇ ಫ್ರ್ಯಾಂಕ್’ ಹಾಟ್ ಡಾಗ್ ಅನ್ನು ಪಕ್ಕದ ಚೆಲ್ಸಿ ಊರಿನ ಕೇಯಂ ಸಂಸ್ಥೆ 2009ರಿಂದ ಒದಗಿಸುತ್ತಿದೆ. ಮೊದಲು ನೀರಿನಲ್ಲಿ ಕುದಿಸಿ ನಂತರ ಗ್ರಿಲ್ ಮಾಡುವುದು ಅಲ್ಲಿನ ಪದ್ಧತಿ. ಒಳಗೆ ರಸ ಉಳಿಯಬೇಕು, ಹೊರಗೆ ಬಣ್ಣ ಬರಬೇಕು ಎಂಬ ಎರಡು ಅಗತ್ಯಗಳನ್ನೂ ಅದು ಪೂರೈಸುತ್ತದೆ. ಆದರೆ ನನ್ನ ಮನಸ್ಸನ್ನು ಗೆದ್ದದ್ದು ಅಲ್ಲಿನ ಬನ್. ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಬನ್ನನ್ನು ಪಕ್ಕದಲ್ಲಿ ಸೀಳದೆ ಮೇಲಿನಿಂದ ಸೀಳಿರುತ್ತಾರೆ; ಎರಡು ಬದಿಗಳಲ್ಲಿಯೂ ಸಿಪ್ಪೆಯಿಲ್ಲದೆ ಬ್ರೆಡ್ಡಿನ ಬಿಳಿ ಭಾಗವೇ ಹೊರಗೆ ಕಾಣುವುದರಿಂದ ಬೆಣ್ಣೆ ಸವರಿ ಕಾವಲಿಗೆ ಹಾಕಲು ಅದು ಹೇಳಿ ಮಾಡಿಸಿದಂತಿದೆ. ಹಾಗೆ ಕಾಯಿಸಿ ಕೊಟ್ಟಾಗ ಬದಿಗಳು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿರುತ್ತವೆ, ನಡುವಿನ ಭಾಗ ಮೆತ್ತಗೇ ಉಳಿಯುತ್ತದೆ. ತಳ ಚಪ್ಪಟೆಯಾಗಿರುವುದರಿಂದ ಕಾಗದದ ತಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಮೇಲೆ ಹಾಕಿದ ಈರುಳ್ಳಿ ತೊಡೆಯ ಮೇಲೆ ಬೀಳುವುದಿಲ್ಲ. ಜನಸಂದಣಿ ಹೆಚ್ಚಿದ ದಿನ ಬನ್ ಕಾಯಿಸುವ ಕೆಲಸಕ್ಕೇ ಮೊದಲು ಕತ್ತರಿ ಬೀಳುತ್ತದೆ ಎಂಬುದೊಂದೇ ನನ್ನ ದೂರು.

ಬನ್ನಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೆಸರು ಬೇಡ, ದೊಡ್ಡ ನಗರವೊಂದರ ಕ್ರೀಡಾಂಗಣದಲ್ಲಿ, ಒಂಬತ್ತು ಇನ್ನಿಂಗ್ಸ್‌ಗಳ ಬೇಸ್‌ಬಾಲ್ ಪಂದ್ಯದ ಏಳನೆಯ ಇನ್ನಿಂಗ್ಸ್ ಹೊತ್ತಿಗೆ ನಾನು ಕೊಂಡ ಹಾಟ್ ಡಾಗ್ ಅನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಎಷ್ಟು ಹೊತ್ತು ಬಿಸಿ ಪೆಟ್ಟಿಗೆಯಲ್ಲಿಟ್ಟಿದ್ದರೋ ತಿಳಿಯದು. ಹಾಳೆ ಬಿಡಿಸಿದಾಗ ಒಳಗೆಲ್ಲ ನೀರಿನ ಹನಿಗಳಿದ್ದವು. ಬನ್ನಿನ ತಳ ನೆನೆದು ಹಾಳೆಗೇ ಅಂಟಿಕೊಂಡಿತ್ತು, ಎತ್ತಿದರೆ ಅರ್ಧ ಕೈಗೆ, ಅರ್ಧ ಹಾಳೆಗೆ. ಸಾಸೇಜು ಬಿಸಿಯಾಗಿಯೇ ಇತ್ತು, ಆರೋಗ್ಯದ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ಬಿಸಿ ಆಹಾರವನ್ನು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಇಡಬೇಕೆಂದು ಆಹಾರ ಸುರಕ್ಷತೆಯ ಸಂಹಿತೆ ಹೇಳುತ್ತದೆ, ಪೆಟ್ಟಿಗೆ ಆ ಕೆಲಸವನ್ನು ಮಾಡುತ್ತದೆ. ಆದರೆ ಸುರಕ್ಷಿತವಾಗಿದ್ದ ಮಾತ್ರಕ್ಕೆ ಅದು ತಿನ್ನಲು ಯೋಗ್ಯವಾದ ಹದದಲ್ಲಿ ಇರಬೇಕೆಂದೇನೂ ಇಲ್ಲ. ಪ್ರತಿ ತಂಡವೂ ವರ್ಷಕ್ಕೆ 81 ಪಂದ್ಯಗಳನ್ನು ತನ್ನ ಅಂಗಣದಲ್ಲಿಯೇ ಆಡುತ್ತದೆ. ಯಾವ ಇನ್ನಿಂಗ್ಸ್‌ನಲ್ಲಿ ಎಷ್ಟು ಬೇಡಿಕೆ ಬರುತ್ತದೆ ಎಂಬ ಅಂದಾಜು ಅಡುಗೆಯವರಿಗೆ ಇದ್ದೇ ಇರಬೇಕು. ಬನ್ ಮತ್ತು ಸಾಸೇಜನ್ನು ಬೇರೆಬೇರೆ ಇಟ್ಟು, ಕೊಡುವಾಗ ಸೇರಿಸಿದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಶಿಕಾಗೋದವರು ಈ ವಿಷಯದಲ್ಲಿ ಕಟ್ಟುನಿಟ್ಟಿನ ಜನ. 1893ರ ಜಾಗತಿಕ ಮೇಳದಲ್ಲಿ ಮಾರಾಟ ಆರಂಭಿಸಿದ ವಿಯೆನ್ನಾ ಬೀಫ್ ಕಂಪನಿಯ ಮಾದರಿಯ ದನದ ಮಾಂಸದ ಸಾಸೇಜು, ಗಸಗಸೆ ಉದುರಿಸಿದ ಬನ್, ಹಳದಿ ಮಸ್ಟರ್ಡ್ (ಸಾಸಿವೆಯ ಗೊಜ್ಜು), ಕಣ್ಣು ಕೋರೈಸುವ ಹಸಿರು ಬಣ್ಣದ ಸಿಹಿ ರೆಲಿಶ್ (ಸಣ್ಣಗೆ ಹೆಚ್ಚಿದ ಸೌತೆಯ ಉಪ್ಪಿನಕಾಯಿ), ಹೆಚ್ಚಿದ ಈರುಳ್ಳಿ, ಟೊಮೆಟೊ ಹೋಳು, ಉಪ್ಪಿನಲ್ಲಿ ನೆನೆಸಿದ ಸೌತೆಯ ಸೀಳು, ಸಣ್ಣ ಖಾರದ ಮೆಣಸಿನಕಾಯಿ, ಕೊನೆಗೆ ಸೆಲರಿ ಉಪ್ಪು. ಇಷ್ಟಿದ್ದರೆ ಮಾತ್ರ ಅವರ ಪ್ರಕಾರ ಅದು ಪೂರ್ಣ. ಕೆಚಪ್ ನಿಷಿದ್ಧ. ನಗರದ ಮಳಿಗೆಗಳಲ್ಲಿ ಇದು ಸಿಕ್ಕಾಗ ಹುಳಿ, ಖಾರ, ಸಿಹಿ, ಉಪ್ಪು ಎಲ್ಲವೂ ಒಂದೇ ತುತ್ತಿನಲ್ಲಿ ಸೇರುವುದರಿಂದ ನಮ್ಮ ನಾಲಿಗೆಗೆ ಅದು ಬಹಳ ಬೇಗ ಒಗ್ಗುತ್ತದೆ. ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣವಾದ ರಿಗ್ಲಿ ಫೀಲ್ಡ್‌ನಲ್ಲಿಯೂ ಎಲ್ಲವನ್ನೂ ಹಾಕಿ ಕೊಡುವ ಮಳಿಗೆಯನ್ನು ಹುಡುಕಿಕೊಂಡು ಹೋಗುವುದು ಸಾರ್ಥಕ. ಬರಿಯ ಬನ್ ಮತ್ತು ಸಾಸೇಜು ಕೊಂಡು ನಂತರ ಮಸ್ಟರ್ಡ್ ಹಿಂಡಿಕೊಂಡರೆ ಶಿಕಾಗೋದ ರುಚಿ ಸಿಗುವುದಿಲ್ಲ.

ಬ್ರ್ಯಾಂಡ್ ನೋಡಿ ಮರುಳಾಗಬಾರದು ಎನ್ನುವುದಕ್ಕೆ ನ್ಯೂಯಾರ್ಕ್ ಸಾಕ್ಷಿ. 1916ರಲ್ಲಿ ನೇಥನ್ ಹ್ಯಾಂಡ್‌ವರ್ಕರ್ ಕೋನಿ ಐಲೆಂಡ್‌ನಲ್ಲಿ ತೆರೆದ ನೇಥನ್ಸ್ ಅಂಗಡಿಯಲ್ಲಿ ಸಾಸೇಜುಗಳು ದೊಡ್ಡ ಕಾವಲಿಯ ಮೇಲೆ ಸಾಲಾಗಿ ಹೊರಳಿ, ಮೈಯೆಲ್ಲ ಕೆಂಪಾಗಿ, ನೇರವಾಗಿ ಬನ್ನಿಗೆ ಬರುತ್ತವೆ. ಬೇಸ್‌ಬಾಲ್ ಅಂಗಣದಲ್ಲಿ ಅದೇ ಹೆಸರಿನ ಫಲಕದ ಕೆಳಗೆ ಕೊಂಡದ್ದರಲ್ಲಿ ನನಗೆ ಆ ಗುಣ ಕಂಡಿಲ್ಲ. ಬೆಳ್ಳುಳ್ಳಿಯ ಪರಿಮಳ ಅದೇ ಇದ್ದರೂ ಕಾವಲಿಯ ಕೆಲಸ ಅಲ್ಲಿ ನಡೆದಿರಲಿಲ್ಲ.

ಕ್ಲೀವ್‌ಲ್ಯಾಂಡ್‌ನ ಸಾಸೇಜಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಆದರೆ 1920ರ ದಶಕದಲ್ಲಿದ್ದ ಹಳೆಯ ಕ್ರೀಡಾಂಗಣ ಲೀಗ್ ಪಾರ್ಕ್‌ನ ಕಾಲದಿಂದ ನಡೆದುಬಂದಿರುವ ಬರ್ಟ್‌ಮನ್ ಕಂದು ಮಸ್ಟರ್ಡ್ ಅಲ್ಲಿನ ಹೆಮ್ಮೆ. ಹಳದಿ ಮಸ್ಟರ್ಡ್‌ಗಿಂತ ಘಾಟು ಹೆಚ್ಚು, ಹುಳಿ ಹಿತ. ಸಾಧಾರಣ ಹಾಟ್ ಡಾಗ್ ಕೂಡ ಅದರಿಂದ ಒಂದು ಮೆಟ್ಟಿಲು ಏರುತ್ತದೆ. ಮಿಲ್ವಾಕೀಯಲ್ಲಿ ಮಾತ್ರ ಹಾಟ್ ಡಾಗ್ ಬಿಟ್ಟು ಬ್ರಾಟ್‌ವುರ್ಸ್ಟ್ ಕೊಳ್ಳಿ. ಜರ್ಮನ್ ವಲಸಿಗರು ಕಟ್ಟಿದ ಆ ನಗರದಲ್ಲಿ ತರಿತರಿಯಾಗಿ ಅರೆದ ಈ ಸಾಸೇಜಿಗೇ ಮೊದಲ ಮರ್ಯಾದೆ, ಅಲ್ಲಿನ ‘ಸೀಕ್ರೆಟ್ ಸ್ಟೇಡಿಯಂ ಸಾಸ್’ ಕೂಡ ಅದಕ್ಕೇ ಹೆಚ್ಚು ಹೊಂದುತ್ತದೆ.

ಹಾಗಾದರೆ ನನ್ನ ಮೊದಲ ಸ್ಥಾನ ಫೆನ್‌ವೇಗೆ, ಎರಡನೆಯದು ಎಲ್ಲವನ್ನೂ ಹಾಕಿಸಿಕೊಂಡ ರಿಗ್ಲಿ ಫೀಲ್ಡ್‌ಗೆ. ಗ್ರಿಲ್ ಆಗಿದ್ದರೆ ಮೂರನೆಯದು ಡಾಡ್ಜರ್ ಡಾಗ್‌ಗೆ. ಹಬೆಯದಾದರೆ ಅದನ್ನು ನಾನು ಪಟ್ಟಿಯಲ್ಲಿಯೇ ಸೇರಿಸುವುದಿಲ್ಲ.

ಇಲ್ಲಿಗೆ ಬರುವ ನಮ್ಮ ಕನ್ನಡಿಗರಲ್ಲಿ ಅನೇಕರು ದನದ ಮಾಂಸವನ್ನೋ ಹಂದಿಮಾಂಸವನ್ನೋ ತಿನ್ನುವುದಿಲ್ಲ, ಹಲವರು ಮಾಂಸವನ್ನೇ ಮುಟ್ಟುವುದಿಲ್ಲ. ಡಾಡ್ಜರ್ ಡಾಗ್ ಹಂದಿಮಾಂಸದ್ದು, ಶಿಕಾಗೋದ್ದು ದನದ ಮಾಂಸದ್ದು ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಸಸ್ಯಾಹಾರಿ ಹಾಟ್ ಡಾಗ್ ಈಗ ಅನೇಕ ಕ್ರೀಡಾಂಗಣಗಳಲ್ಲಿ ದೊರೆಯುತ್ತದೆ, ಆದರೆ ಎಲ್ಲ ಮಳಿಗೆಗಳಲ್ಲಿ ಇರುವುದಿಲ್ಲ. ಪಂದ್ಯಕ್ಕೆ ಹೊರಡುವ ಮುನ್ನ ಕ್ರೀಡಾಂಗಣದ ಆ್ಯಪ್‌ನಲ್ಲಿ ಮಳಿಗೆಯ ಸಂಖ್ಯೆಯನ್ನು ನೋಡಿಟ್ಟುಕೊಳ್ಳಿ. ಮಾಂಸದ ಸಾಸೇಜು ಹೊರಳಿದ ಕಾವಲಿಯ ಮೇಲೆಯೇ ಅದನ್ನೂ ಕಾಯಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಬೇರೆ ಕಾವಲಿ ಇಲ್ಲವೆಂದರೆ ಮೈಕ್ರೋವೇವ್‌ನಲ್ಲಿ ಬಿಸಿಮಾಡಿಸಿಕೊಂಡು, ಈರುಳ್ಳಿ, ರೆಲಿಶ್ ಮತ್ತು ಕಂದು ಮಸ್ಟರ್ಡ್ ಧಾರಾಳವಾಗಿ ಹಾಕಿಸಿಕೊಳ್ಳಿ. ಮೊದಲ ಮೂರು ಇನ್ನಿಂಗ್ಸ್ ಒಳಗೇ ಕೊಂಡರೆ ಬನ್ ಕೂಡ ಮೆತ್ತಗಿರುವ ಸಾಧ್ಯತೆ ಹೆಚ್ಚು.