2024ರ ಆಲ್ಬಮ್‌ಗಳು: ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ

ಪ್ರತಿ ಡಿಸೆಂಬರಿನಲ್ಲೂ ಯಾರಾದರೊಬ್ಬರು "ಈ ವರ್ಷ ಏನೇನು ಕೇಳಿದೆ, ಪಟ್ಟಿ ಹಾಕು ಮಾರಾಯ" ಅಂತ ಇನ್‌ಬಾಕ್ಸಿಗೆ ಬರ್ತಾರೆ. ಈ ಸಲ ಕೇಳೋ ಮುಂಚೆಯೇ ಹಾಕ್ತಿದ್ದೇನೆ. ಒಂದೇ ಷರತ್ತು: ಶಫಲ್ ಒತ್ತದೆ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅವರು ಜೋಡಿಸಿದ ಕ್ರಮದಲ್ಲೇ ಕನಿಷ್ಠ ಮೂರು ಸಲ ಕೇಳಿರಬೇಕು. ಒಂದು ಹಾಡು ಇಷ್ಟವಾಗಿ ಉಳಿದದ್ದನ್ನು ಬಿಟ್ಟಿದ್ದರೆ ಅದಕ್ಕಿಲ್ಲಿ ಜಾಗ ಇಲ್ಲ.

ಈ ಹಠ ಬಂದದ್ದು ಅಪ್ಪನ ಕ್ಯಾಸೆಟ್ಟುಗಳಿಂದ. ನಮ್ಮ ಮನೆಯಲ್ಲಿ 1978ರ 'ನಿತ್ಯೋತ್ಸವ' ಇತ್ತು. ನಿಸಾರ್ ಅಹಮದರ ಪದ್ಯ, ಮೈಸೂರು ಅನಂತಸ್ವಾಮಿಯವರ ಸಂಗೀತ. ಇವತ್ತಿಗೂ ಅದರ ಯಾವುದೇ ಹಾಡು ಕಿವಿಗೆ ಬಿದ್ದು ಮುಗಿದ ಕೂಡಲೇ ತಲೆಯೊಳಗೆ ಮುಂದಿನದ್ದು ತಾನಾಗಿ ಶುರುವಾಗುತ್ತದೆ. ರಾಜ್ಯೋತ್ಸವದ ಪೆಂಡಾಲಿನಲ್ಲಿ ಅದರ ಬದಲು ಇನ್ನೇನೋ ಹಾಕಿಬಿಟ್ಟರೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ.

ಕೂತು ಕೇಳುವ ವ್ಯವಧಾನ ಈಗ ಎಲ್ಲಿದೆ ಅಂತೀರಾ? ನನಗೆ ಮೆಟ್ರೋ ಕೊಟ್ಟಿದೆ. ವಿಜಯನಗರದಲ್ಲಿ ಹತ್ತಿದರೆ ವೈಟ್‌ಫೀಲ್ಡಿಗೆ ಒಂದು ಗಂಟೆಯ ಮೇಲಾಗುತ್ತೆ. ಸೀಟು ಸಿಗಲ್ಲ, ಕೈಯಲ್ಲಿ ಪುಸ್ತಕ ಹಿಡಿಯೋಕಾಗಲ್ಲ, ಕಿವಿ ಮಾತ್ರ ಖಾಲಿ.

ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ನವೆಂಬರ್ 1ರಂದು ಬಂತು. 16 ವರ್ಷದ ನಂತರದ ಆಲ್ಬಮ್, ಇರೋದು ಎಂಟೇ ಹಾಡು. ಮೊದಲನೆಯದು 'ಅಲೋನ್'. ವಿಜಯನಗರದಲ್ಲಿ ಬಾಗಿಲು ಮುಚ್ಚಿದಾಗ ಹಾಕಿದೆ. ಗಿಟಾರ್, ಡ್ರಮ್, ಕೀಬೋರ್ಡ್ ನಿಧಾನಕ್ಕೆ ತೇಲುತ್ತಲೇ ಇವೆ. ಹೊಸಹಳ್ಳಿ ಬಂತು, ಜನ ಹತ್ತಿದರು, ಇನ್ನೂ ಹಾಡುವವನ ಸುಳಿವಿಲ್ಲ. ಮೂರು ನಿಮಿಷ ದಾಟಿದ ಮೇಲೆ ರಾಬರ್ಟ್ ಸ್ಮಿತ್ ಬಾಯಿ ಬಿಡೋದು. ನಮಗೆ ಇದು ಹೊಸದಲ್ಲ, ಆಲಾಪ ಕೇಳಿ ಬೆಳೆದವರು ನಾವು. ಆದರೆ ಐದು ಸೆಕೆಂಡಿಗೆ ರೀಲ್ಸ್ ಸರಿಸುವ ಕಾಲದಲ್ಲಿ 65 ವರ್ಷದ ಒಬ್ಬ ರಾಕ್ ಗಾಯಕ ಇಷ್ಟು ಧೈರ್ಯ ಮಾಡಿದ್ದು ನೋಡಿ ಖುಷಿಯಾಯಿತು. ಇದರಲ್ಲೇ ಸ್ಮಿತ್‌ನ ತೀರಿಹೋದ ಅಣ್ಣನ ಬಗ್ಗೆ ಒಂದು ಹಾಡಿದೆ. ಅದನ್ನು ಮೆಟ್ರೋದಲ್ಲಿ ಕೇಳಬೇಡಿ, ಅಷ್ಟೇ ಹೇಳ್ತೀನಿ.

ಅರೂಜ್ ಆಫ್ತಾಬ್ ಅವರ 'ನೈಟ್ ರೇನ್' ಮಾತ್ರ ರಾತ್ರಿಗೇ ಮೀಸಲು. ಹಾರ್ಪ್, ಡಬಲ್ ಬಾಸ್, ಮಧ್ಯೆ ಅವಸರವೇ ಗೊತ್ತಿಲ್ಲದ ದನಿ. ಒಂದು ಹಾಡಿನ ಹೆಸರು 'ರಾತ್ ಕಿ ರಾನಿ'. ನಮ್ಮ ಕಾಂಪೌಂಡಿನ ರಾತ್ರಿರಾಣಿ ಅರಳೋ ಹೊತ್ತಿಗೆ ಹಾಕಿಕೊಂಡು ಕೂತಿದ್ದೂ ಉಂಟು. ನನ್ನನ್ನು ಹಿಡಿದು ನಿಲ್ಲಿಸಿದ್ದು 'ನಾ ಗುಲ್'. ಅದರ ಸಾಹಿತ್ಯ ಮಹಲಖಾ ಬಾಯಿ ಚಂದಾ ಅವರದ್ದು. ಹೈದರಾಬಾದಿನ ನಿಜಾಮರ ದರ್ಬಾರಿನ ಗಾಯಕಿ, ಕವಿ, 1824ರಲ್ಲಿ ತೀರಿಕೊಂಡವರು. ಸರಿಯಾಗಿ ಇನ್ನೂರು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ನೆಲೆಸಿದ ಪಾಕಿಸ್ತಾನಿ ಹೆಣ್ಣುಮಗಳೊಬ್ಬಳು ನಮ್ಮ ದಖ್ಖನಿನ ಆ ಗಜಲನ್ನು ಜಾಝ್ ವಾದಕರ ನಡುವೆ ಕೂತು ಹಾಡುತ್ತಾಳೆ. ಹೈದರಾಬಾದ್ ಇಲ್ಲಿಂದ ಒಂದು ರಾತ್ರಿಯ ರೈಲು. ನನಗೆ ಮಹಲಖಾ ಹೆಸರು ಗೊತ್ತಾಗೋಕೆ ನ್ಯೂಯಾರ್ಕ್ ಸುತ್ತಿ ಬರಬೇಕಾಯ್ತು.

ಇನ್ನು ಶಬಾಕಾ ಹಚಿಂಗ್ಸ್. ಲಂಡನ್ನಿನ ಈ ಸ್ಯಾಕ್ಸೊಫೋನ್ ವಾದಕ 2023ರ ಕೊನೆಗೆ ಸ್ಯಾಕ್ಸನ್ನು ಬದಿಗಿಟ್ಟು ಬಿದಿರಿನ ಕೊಳಲುಗಳಿಗೇ ಹೊರಳಿದ. ಜಪಾನಿನ ಬಿದಿರು ಕೊಳಲು ಶಾಕುಹಾಚಿಯನ್ನು ಅದಕ್ಕೂ ಮುಂಚೆಯೇ ಹಿಡಿದು ಮೊದಲಿಂದ ಕಲಿಯತೊಡಗಿದ್ದ. ಆ ಕೊಳಲುಗಳಿಂದ ಬಂದದ್ದು 'ಪರ್ಸೀವ್ ಇಟ್ಸ್ ಬ್ಯೂಟಿ, ಅಕ್ನಾಲೆಜ್ ಇಟ್ಸ್ ಗ್ರೇಸ್'. ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ 1964ರಲ್ಲಿ 'ಎ ಲವ್ ಸುಪ್ರೀಂ' ಧ್ವನಿಮುದ್ರಿಸಿದ ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲೇ, ಹೆಡ್‌ಫೋನ್ ಇಲ್ಲದೆ ಒಟ್ಟಿಗೆ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದಾರೆ. ಇದನ್ನು ಕೇಳುವಾಗೆಲ್ಲ ನನಗೆ ಕದ್ರಿ ಗೋಪಾಲನಾಥರ ನೆನಪು. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸ್ ಕಂಡು ಮರುಳಾಗಿ, ಸ್ವರವನ್ನು ತೂಗಿ ಬಳುಕಿಸುವ ಗಮಕ ಹೊರಡಲೆಂದು ವಾದ್ಯವನ್ನೇ ತಿದ್ದಿಸಿಕೊಂಡರು. ಇವನದ್ದು ಉಲ್ಟಾ ದಾರಿ. ಅವರಿದ್ದಿದ್ದರೆ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಬಹುದಿತ್ತು ಅನ್ನೋ ಆಸೆ.

ಫ್ಯೂಷನ್ ಅಂದರೆ ನನಗೆ ಅಲರ್ಜಿ. ಕೀಬೋರ್ಡಿನ ಮೇಲೆ ಹಂಸಧ್ವನಿ ಹರಡಿ, ಹಿಂದಿನಿಂದ ಡ್ರಮ್ ಬಾರಿಸಿ, ಕೊನೆಗೆ ಎಲ್ಲರೂ ಸೇರಿ ಓಡೋದು! ಹಾಗಾಗಿ ವಾರಿಜಶ್ರೀ ವೇಣುಗೋಪಾಲ್ ಅವರ 'ವಾರಿ'ಯನ್ನು ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ತಪ್ಪಾಯ್ತು, ಒಪ್ಪಿಕೊಳ್ತೀನಿ. ವರ್ಷದ ನನ್ನ ಮೊದಲ ಸ್ಥಾನ ಇದಕ್ಕೇ. ನಮ್ಮ ಬೆಂಗಳೂರಿನವರು, ಕೊಳಲು ವಿದ್ವಾನ್ ಎಚ್.ಎಸ್. ವೇಣುಗೋಪಾಲರ ಮಗಳು, ಸ್ವತಃ ಕೊಳಲು ನುಡಿಸ್ತಾರೆ. ಅಮೆರಿಕದ ಸ್ನಾರ್ಕಿ ಪಪ್ಪಿ ಎಂಬ ತಂಡದ ಮೈಕೆಲ್ ಲೀಗ್ ನಿರ್ಮಿಸಿದ ಆಲ್ಬಮ್ ಇದು. ಇಲ್ಲಿ ಗಮಕ ಒಗ್ಗರಣೆಗೆ ಬಂದಿಲ್ಲ, ಅನ್ನವೇ ಅದು. 'ಹರಿವಾ ಝರಿ' ಹಾಕಿ, ಹೆಸರಲ್ಲೇ ಕನ್ನಡ ಇದೆ. ಈ ವರ್ಷ ಜೇಕಬ್ ಕಾಲಿಯರ್, ಅನುಷ್ಕಾ ಶಂಕರ್ ಜೊತೆ ಹಾಡಿದ 'ಎ ರಾಕ್ ಸಮ್‌ವೇರ್' ಗ್ರ್ಯಾಮಿಗೆ ನಾಮನಿರ್ದೇಶನವಾದಾಗಲಾದರೂ ನಮ್ಮ ಟಿವಿಯವರು ಅರ್ಧ ಗಂಟೆ ಕೊಡಬಹುದಿತ್ತು.

ಬಿಯಾನ್ಸೆಯ 'ಕೌಬಾಯ್ ಕಾರ್ಟರ್' ಒಳ್ಳೆಯದೇ, ಆದರೆ 27 ಟ್ರ್ಯಾಕ್ ಅಂದರೆ ಮದುವೆ ಊಟದ ಎಲೆ. ಕೆಂಡ್ರಿಕ್ ಲಮಾರ್ ಮುನ್ಸೂಚನೆಯೇ ಇಲ್ಲದೆ ಬಿಟ್ಟ 'ಜಿಎನ್‌ಎಕ್ಸ್' ಅದಕ್ಕಿಂತ ಜಾಣ; ರ‍್ಯಾಪ್ ಆಲ್ಬಮ್ಮನ್ನು ಮರಿಯಾಚಿ (ಮೆಕ್ಸಿಕೋದ ಜನಪದ ಸಂಗೀತ) ಗಾಯಕಿಯ ಕೊರಳಿನಿಂದ ಶುರುಮಾಡುವ ಧೈರ್ಯ ಬೇಕಲ್ಲ.

ಕನ್ನಡ ಸಿನಿಮಾ? ಪಂಜಾಬಿನ ಹುಡುಗ ಜಸ್ಕರಣ್ ಸಿಂಗ್ ಹಾಡಿದ 'ದ್ವಾಪರ' ಯಾವ ಆಟೋ ಹತ್ತಿದರೂ ಕೇಳ್ತಿತ್ತು, ಬೇಜಾರೇನಿಲ್ಲ. ಆದರೆ ಹದಿನೈದು ದಿನಕ್ಕೊಂದು ಲಿರಿಕಲ್ ವಿಡಿಯೊ ಬಿಟ್ಟರೆ ಆಲ್ಬಮ್ ಅನ್ನೋದು ಎಲ್ಲಿ ಉಳಿಯುತ್ತೆ? ಗಗನ್ ಬಡೇರಿಯಾ ಸಂಗೀತದ 'ಇಬ್ಬನಿ ತಬ್ಬಿದ ಇಳೆಯಲಿ' ಒಂದನ್ನೇ ನಾನು ಮೊದಲಿಂದ ಕೊನೆವರೆಗೆ ಮಳೆಗಾಲದ ಹಾಗೆ ಕೇಳಿದ್ದು.

ಪಟ್ಟಿ ಡಿಸೆಂಬರ್ 14ಕ್ಕೇ ಮುಗಿದಿತ್ತು. 15ರ ಭಾನುವಾರ ರಾತ್ರಿ ಜಾಕಿರ್ ಹುಸೇನ್ ಹೋದರು ಅಂತ ಸುದ್ದಿ, ಆಮೇಲೆ ಇಲ್ಲ, ಇನ್ನೂ ಇದ್ದಾರೆ ಅಂತ, ಬೆಳಿಗ್ಗೆ ನೋಡಿದರೆ ನಿಜ. 73 ವರ್ಷ. ಅವತ್ತು ಆಫೀಸಿಗೆ ರಜೆ ಹೇಳಿ 'ಮೇಕಿಂಗ್ ಮ್ಯೂಸಿಕ್' ಹಾಕಿದೆ. 1986ರ ಡಿಸೆಂಬರಿನಲ್ಲಿ ಓಸ್ಲೋದಲ್ಲಿ ನಾಲ್ಕೇ ಜನ: ಇವರು, ಗಿಟಾರಿಗೆ ಮೆಕ್‌ಲಾಫ್ಲಿನ್, ಬಾನ್ಸುರಿಗೆ ಹರಿಪ್ರಸಾದ್ ಚೌರಾಸಿಯಾ, ಸ್ಯಾಕ್ಸಿಗೆ ಯಾನ್ ಗಾರ್ಬಾರೆಕ್.

ಅಮ್ಮ ಅಡುಗೆಮನೆಯಿಂದ "ಚೌರಾಸಿಯಾ ಅಲ್ವೇನೋ ಅದು?" ಅಂದರು. ಹೌದಮ್ಮ ಅಂದೆ. ತಬಲಾ ಶುರುವಾದಾಗ ಹಾಲು ಉಕ್ಕೋಕೆ ಬಂದಿತ್ತು. ಸ್ಟೌ ಆರಿಸಿ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಬಾಗಿಲ ಹತ್ತಿರ ನಿಂತರು. ಕಾಫಿ ಆಮೇಲೆ ಎಷ್ಟೋ ಹೊತ್ತಿಗೆ ಬಂತು.