ಕ್ಯಾಂಪಿನ ಮಕ್ಕಳು ಮುಂದಿನ ವರ್ಷವೂ ಅದೇ ಊರಿಗೆ ಬರಲಿ

ಫೋಟೋ ನೋಡಿದರೇ ಗೊತ್ತಾಗುತ್ತದೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪು ಅಂತ. ಒಂದೇ ಬಣ್ಣದ ಟೊಪ್ಪಿ, ಹೊಸ ಪೊರಕೆ, ಹಿಂದೆ ಬ್ಯಾನರು. ಏಳು ದಿನ ಶಾಲೆಯಲ್ಲಿ ವಾಸ, ಬೆಳಿಗ್ಗೆ ಶ್ರಮದಾನ, ಸಂಜೆ ಹಾಡು ಕುಣಿತ, ಕೊನೆಗೆ ಸಮಾರೋಪದ ಶಾಲು. ವಾರ ಕಳೆಯುವುದರೊಳಗೆ ಚರಂಡಿ ಮತ್ತೆ ತುಂಬಿರುತ್ತದೆ. ಇಳಿಜಾರೇ ಇಲ್ಲದ ಚರಂಡಿಯಲ್ಲಿ ನೀರು ಹೋಗುವುದಾದರೂ ಎಲ್ಲಿಗೆ? ಊರವರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಮಕ್ಕಳನ್ನು ಬೈಯುತ್ತಿಲ್ಲ. 1969ರಲ್ಲಿ, ಗಾಂಧಿ ಶತಾಬ್ದಿಯ ವರ್ಷ, ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್ ಶುರು ಮಾಡಿದರು. ಈಗ ಇದಕ್ಕೆ ಸೇರಿದ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಕಡಿಮೆ ಹೊತ್ತೇನಲ್ಲ. ಆದರೆ ಅದರಲ್ಲಿ ಎಷ್ಟೋ ಪಾಲು ಜಾಥಾ, ದಿನಾಚರಣೆಗಳಿಗೇ ಹೋಗುತ್ತದೆ.

ನಮ್ಮ ಕಲಬುರಗಿ ಕಡೆ ಕೃಷಿ ಕಾಲೇಜಿನ ಕೊನೆಯ ವರ್ಷದವರು ಕಾರ್ಯಾನುಭವಕ್ಕೆ ಬಂದು ತಿಂಗಳುಗಟ್ಟಲೆ ಹಳ್ಳಿಯಲ್ಲಿ ಉಳಿಯುತ್ತಾರಲ್ಲ, ಅದರ ಕಥೆ ಬೇರೆ. ಗುಡಿ ಮುಂದೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಯಾರೋ ಮುದುಕಿ, "ಹಾಂಗಲ್ಲವ್ವಾ, ಬಾವಿ ಈ ಕಡಿ ಅದ" ಅಂತ ಬಂದು ಅಳಿಸಿ ತಿದ್ದುತ್ತಾಳೆ. ಕಲಿಸಲು ಬಂದವರು ಅಲ್ಲಿಂದ ಕಲಿಯಲು ಕೂರುತ್ತಾರೆ. (ಆ ನಕ್ಷೆ ದಲಿತರ ಕೇರಿಯವರೆಗೂ ಹೋಗುತ್ತದೆಯೇ ಎಂದು ನಾನಂತೂ ಬಗ್ಗಿ ನೋಡುತ್ತೇನೆ. ಎಷ್ಟೋ ಸಲ ಊರಬಾಗಿಲ ಅಗಸಿಯ ಹತ್ತಿರವೇ ನಿಂತಿರುತ್ತದೆ.)

ತೊಗರಿಯ ಕುಡಿ ಚಿವುಟುವುದನ್ನೇ ನೋಡಿ. ತುದಿ ಚಿವುಟಿದರೆ ಪಕ್ಕದ ರೆಂಬೆ ಹೆಚ್ಚಿ ಕಾಯಿ ಹೆಚ್ಚುತ್ತದೆ ಅಂತ ಮಕ್ಕಳು ಹೇಳುತ್ತಾರೆ. "ಬೆಳೆಯೋ ಕುಡೀನೇ ಮುರೀತೀರೇನ್ರೀ?" ಅಂತ ರೈತ ಹಿಂಜರಿಯುತ್ತಾನೆ. ಕೊನೆಗೆ ನಾಲ್ಕು ಸಾಲು ಬಿಟ್ಟುಕೊಡುತ್ತಾನೆ. ಅದು ಸರಿಯೋ ತಪ್ಪೋ ತಿಳಿಯುವುದು ಡಿಸೆಂಬರ್-ಜನವರಿಯಲ್ಲಿ, ರಾಶಿ ಮಾಡುವಾಗ. ಅಷ್ಟೊತ್ತಿಗೆ ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ, ವರದಿ ಇಲಾಖೆಯ ಕಪಾಟು ಸೇರಿರುತ್ತದೆ. ಮುಂದಿನ ವರ್ಷದ ತಂಡ ಇನ್ನೊಂದು ಊರಿಗೆ ಹೋಗಿ ಇದನ್ನೇ ಮೊದಲಿಂದ ಹೇಳುತ್ತದೆ. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಮಾತೂ ಅಷ್ಟೇ. ರೋಗ ತಡೆಯುವ ಟಿಎಸ್-3ಆರ್ ತಳಿ ಬಿತ್ತಿದ ಹೊಲದಲ್ಲಿ ಎಷ್ಟು ಗಿಡ ಉಳಿದವು, ಒಂದೇ ಹಂಗಾಮು ನೋಡಿ ಹೇಳಲಾಗದು. ರೋಗ ತರುವ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಕೂತಿರುತ್ತದೆ.

ಒಂದು ಕಾಲೇಜು ಐದು ವರ್ಷ ಒಂದೇ ಊರು ಹಿಡಿಯಲಿ. ಹಳೆಯ ತಂಡದ ನೋಟ್‌ಬುಕ್ ಹೊಸ ತಂಡದ ಕೈಗೆ ಬರಲಿ. ಏನು ಕೆಲಸ ಅನ್ನುವುದು ವಾರ್ಡ್ ಸಭೆಯಲ್ಲಿ, ಹೆಣ್ಣುಮಕ್ಕಳೂ ಕೂತಿರುವಾಗ ತೀರ್ಮಾನವಾಗಲಿ. ವರದಿಯನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಲಿ, ಅಂಕ ಕೊಡುವಾಗ ಊರವರನ್ನೂ ಒಂದು ಮಾತು ಕೇಳಲಿ. ಪ್ರಾಧ್ಯಾಪಕ ಮಿತ್ರರು ಇಲ್ಲಿ ಬಹಳ ಜನ ಇದ್ದೀರಿ. ಇದಕ್ಕೆ ಯಾವ ನಿಯಮ ಅಡ್ಡ ಬರುತ್ತದೆ, ಹೇಳಿ.