ಸತ್ಯಾಂಶ: ರಾಣಿ ಇಲ್ಲದ ಜೇನುಪೆಟ್ಟಿಗೆ ಮಳೆಗಾಲದಲ್ಲಿ ತಾನಾಗಿಯೇ ಸರಿಹೋಗುತ್ತದೆಯೇ?

"ರಾಣಿ ಸತ್ತರೆ ಪೆಟ್ಟಿಗೆ ಮುಟ್ಟಬೇಡಿ, ಹುಳುಗಳೇ ಹೊಸ ರಾಣಿ ಮಾಡಿಕೊಳ್ಳುತ್ತವೆ" ಎಂಬ ಸಂದೇಶ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಹೊಸ ರಾಣಿ ಆಗಬೇಕಾದರೆ ಎರಿಯಲ್ಲಿ (ಹುಳುಗಳು ಕಟ್ಟುವ ಮೇಣದ ಗೂಡಿನಲ್ಲಿ) ಮೊಟ್ಟೆಯೋ, 3 ದಿನದೊಳಗಿನ ಎಳೆ ಮರಿಯೋ ಇರಬೇಕು. ಹುಟ್ಟಿದ ರಾಣಿ ಹೊರಗೆ ಹಾರಿ ಗಂಡುಹುಳುಗಳ ಜೊತೆ ಕೂಡಿ ಬರಬೇಕು. ತೀರ್ಥಹಳ್ಳಿ, ಹೊಸನಗರದ ಜಡಿಮಳೆಯಲ್ಲಿ ಹಾರುವುದೆಲ್ಲಿ? ಗಂಡುಹುಳುಗಳೂ ಆಗ ಕಡಿಮೆ. ಅಷ್ಟರಲ್ಲಿ ಕೆಲಸಗಾರ ಹುಳುಗಳೇ ಮೊಟ್ಟೆ ಇಡತೊಡಗುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು ತುಡುವೆಯಲ್ಲಂತೂ ಇದು ಬಹಳ ಬೇಗ. ಎರಿಯ ಒಂದೇ ಕೋಶದಲ್ಲಿ ಹಲವು ಮೊಟ್ಟೆಗಳು ಕಂಡರೆ ಅನುಮಾನಿಸಿ. ಅವುಗಳಿಂದ ಗಂಡುಹುಳು ಮಾತ್ರ ಹುಟ್ಟುತ್ತದೆ, ಕುಟುಂಬ ಕರಗುತ್ತದೆ.

ಸುಮ್ನೆ ಕಾಯಬೇಡಿ. ರಾಣಿ ನಿಜವಾಗಿ ಇಲ್ಲವೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಬೇರೆ ಕುಟುಂಬಕ್ಕೆ ಸೇರಿಸಿ. ಹುಳು ಉಳಿಯುವುದು ಮುಖ್ಯ, ಪೆಟ್ಟಿಗೆಗಳ ಲೆಕ್ಕ ಅಲ್ಲ, ಅಲ್ವಾ? ಸಂಜೆ ಹೊತ್ತು, ರಾಣಿ ಇರುವ ಬಲವಾದ ಕುಟುಂಬದ ಮೇಲೆ ಸಣ್ಣ ತೂತು ಮಾಡಿದ ನ್ಯೂಸ್‌ಪೇಪರ್ ಹಾಸಿ, ರಾಣಿ ಇಲ್ಲದ ಪೆಟ್ಟಿಗೆ ಇಡಿ. ಹುಳುಗಳು ಪೇಪರ್ ಕಡಿಯುವಷ್ಟರಲ್ಲಿ ಎರಡರ ವಾಸನೆ ಬೆರೆತು, ಜಗಳ ಕಡಿಮೆಯಾಗುತ್ತದೆ.